ಭಂಕೂರದಲ್ಲಿ ಎಲ್ಲರೂ ಪಾಸು

ಆ ಚಳಿಗಾಲ ನಮ್ಮ ವೈದ್ಯಕೀಯ ತಂಡ ಕಲ್ಲುಗಣಿಗಳ ಊರಾದ ಭಂಕೂರಕ್ಕೆ ಹೋದದ್ದು ಜನರ ಉಸಿರು ಅಳೆಯಲು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾರ್ಖಾನೆಗಳು ಸುತ್ತಲಿನ ಊರುಗಳಿಗೂ ಏನಾದರೂ ಮಾಡಬೇಕು ಎಂಬ ಮಾತು ನಮ್ಮ ಕಡೆಗೂ ಬಂದಿತ್ತು. ಅದು ಸಾಮಾನ್ಯವಾಗಿ ಬಸ್ ನಿಲ್ದಾಣದ ತಗಡು, ಶಾಲೆಯ ಬೆಂಚು, ಗುಡಿಗೆ ಬಣ್ಣ, ಇಷ್ಟರಲ್ಲೇ ಮುಗಿಯುತ್ತಿತ್ತು. ಒಂದು ಕಾರ್ಖಾನೆಯವರು ಮಾತ್ರ, ಕಲ್ಲಿನ ಧೂಳಿನಿಂದ ಜನರ ಎದೆಗೆ ಏನಾಗಿದೆ ಎಂದು ಅಧ್ಯಯನ ಮಾಡಿಸಲು ದುಡ್ಡು ಕೊಟ್ಟಿದ್ದರು. ಉಸಿರು ಸಾಲದವರನ್ನು ಅವರದೇ ಖರ್ಚಿನಲ್ಲಿ ಗುಲ್ಬರ್ಗಾದ ದೊಡ್ಡ ಆಸ್ಪತ್ರೆಗೆ ಕಳಿಸುವ ಮಾತೂ ಆಗಿತ್ತು. ಚಿತ್ತಾಪುರದ ಮೇಷ್ಟ್ರ ಮಗಳಾದ ನನಗೆ ಮನೆಮನೆ ತಿರುಗಿ ಜನರನ್ನು ಕರೆತರುವ ಕೆಲಸ. ಲೋಕೋದ್ಧಾರವೇ ಆಗಿಬಿಡುತ್ತದೆ ಎಂಬ ಹುರುಪು ಬೇರೆ.

ಪರೀಕ್ಷೆ ಸರಳ. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೆ ಸರಿಯುವ ಮುಳ್ಳು. ಎದೆ ತುಂಬ ಗಾಳಿ ಎಳೆದು ಜೋರಾಗಿ ಊದಬೇಕು. ಎದೆ ಗಟ್ಟಿ ಇದ್ದರೆ ಮುಳ್ಳು ದೂರ ಹೋಗುತ್ತದೆ.

ಕಷ್ಟವಿದ್ದದ್ದು ಬೇರೆ ಕಡೆ. ನಮ್ಮ ಭಾಗದಲ್ಲಿ ಕಾರ್ಖಾನೆಯವರು ಒಬ್ಬನ ಮೈ ಪರೀಕ್ಷೆ ಮಾಡಿಸುವುದು ಒಂದೇ ಕಾರಣಕ್ಕೆ, ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ. ನಮ್ಮ ಬ್ಯಾನರಿನ ಮೇಲೆ ಕಾರ್ಖಾನೆಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಇದು ನೌಕರಿಗಲ್ಲ, ಎದೆ ಸರಿಯಿಲ್ಲದವರಿಗೇ ಇದರಿಂದ ಉಪಯೋಗ ಎಂದು ನಾನು ಗಂಟಲು ಹರಿದುಕೊಂಡೆ. ಜನ ನಕ್ಕು ತಲೆಯಾಡಿಸಿದರು. ಅವರು ಒಪ್ಪಿದರೆಂದೇ ನಾನು ತಿಳಿದೆ.

ಬಸ್ ನಿಲ್ಲುವ ಜಾಗದ ಹಿಂದಿನ ಮನೆಯಾಕೆ ನನಗೆ ದಿನಾ ಚಹಾ ಕೊಡುತ್ತಿದ್ದಳು. ಅವಳ ಗಂಡ ಕಲ್ಲು ಕೊಯ್ಯುವ ಮಷೀನಿನ ಮೇಲೆ ಕೆಲಸ ಮಾಡಿ ಮಾಡಿ ಎದೆ ಕೆಡಿಸಿಕೊಂಡಿದ್ದ. ನಾಲ್ಕು ಮಾತಾಡಿದರೆ ಒಂದು ಸಲ ನಿಂತು ಉಸಿರೆಳೆಯಬೇಕು. ಬೇರೆ ಯಾರನ್ನು ಕಳಿಸದಿದ್ದರೂ ಇವನನ್ನು ಗುಲ್ಬರ್ಗಾಕ್ಕೆ ಕಳಿಸಲೇಬೇಕು ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೊಳವೆ ಹಿಡಿದು ಊದಿದ. ಮುಳ್ಳು ತುದಿಯವರೆಗೆ ಹಾರಿಹೋಯಿತು. ಕುರ್ಚಿಯ ಮೇಲೆ ಕುಳಿತಿದ್ದ ಕಾರ್ಖಾನೆಯ ಅಧಿಕಾರಿ "ಭೇಷ್!" ಎಂದ. ಅವನ ಹಿಂದೆ ಬಂದವರದೂ ಅದೇ ಕಥೆ. ನಮ್ಮ ಹಿರಿಯ ಡಾಕ್ಟರು ಬೆರಗಾಗಿ ಕೊಳವೆಯನ್ನೇ ತಿರುಗಿಸಿ ಮುರುಗಿಸಿ ನೋಡಿದರು.

ಸಂಜೆ ಬಸ್ ತಡವಾಯಿತು. ಚಹಾಕ್ಕೆಂದು ಆ ಮನೆಗೆ ಹೋದರೆ, ಬೆಳಿಗ್ಗೆ ಭೇಷ್ ಎನಿಸಿಕೊಂಡವನು ಮೊಣಕಾಲಿಗೆ ಕೈಯೂರಿ ಬಾಗಿ ಕುಳಿತಿದ್ದ. ಎದೆಯಿಂದ ಸೀಟಿ ಹೊಡೆದಂಥ ಸದ್ದು. ಹೆಂಡತಿ ಬೆನ್ನು ನೀವುತ್ತಲೇ ನನ್ನ ನೋಡಿ ನಕ್ಕಳು.

"ಸೂಜಿ ಮದ್ದಿನ ಜೋರ ಇಳೀಲಿಕತ್ತದರಿ ಅಕ್ಕೋರೆ. ಅದಕ್ಕ ಹಿಂಗ. ಎಂಟ ದಿನದಿಂದ ಒಲಿ ಊದೋ ಕೊಳವಿ ಕೊಟ್ಟು ರೂಢಿ ಮಾಡ್ಸೀನಿ. ನಿನ್ನಿ ರಾತ್ರಿ ಒಂದು, ಮುಂಜಾನಿ ಒಂದು ದಮ್ಮಿನ ಸೂಜಿ ಮಾಡ್ಸೀನಿ. ನಮ್ಮವರೊಬ್ಬರೇ ಅಲ್ಲರಿ, ಓಣಿ ಮಂದಿ ಎಲ್ಲಾರೂ ಮಾಡಿಸ್ಕೊಂಡಾರ."

ಊರಿನ ಸೂಜಿ ಡಾಕ್ಟರನ ಬಾಗಿಲ ಮುಂದೆ ಅಷ್ಟೊಂದು ಚಪ್ಪಲಿ ಬಿದ್ದಿದ್ದನ್ನು ನಾನೂ ನೋಡಿದ್ದೆ, ಚಳಿಗಾಲದ ನೆಗಡಿ ಅಂದುಕೊಂಡಿದ್ದೆ.

"ಅಯ್ಯ, ಸೋತವರಿಗೇ ಔಷಧ ಅಂತ ಹೇಳಿದ್ನಲ್ಲವ್ವ!"

"ಹೇಳಿದ್ರಿ ಖರೇ. ಆದ್ರ ಕಾರ್ಖಾನಿ ಮಂದಿ ಮುಂದ ರೋಗಿ ಅಂತ ಯಾರ ಹೇಳ್ಕೋತಾರ್ರಿ? ಈಗಿದ್ದ ಕೆಲ್ಸನೂ ಹೋಗ್ತದ."

ಮರುದಿನ ಡಾಕ್ಟರಿಗೆ ಹೇಳಿದೆ. ಅವರು ನೇರ ಅಧಿಕಾರಿಯ ಬಳಿ ಹೋಗಿ, ಎಲ್ಲರನ್ನೂ ಇನ್ನೊಮ್ಮೆ ಊದಿಸಬೇಕು ಎಂದು ಕೇಳಿದರು. ಆತ ಕೆಟ್ಟವನೇನಲ್ಲ, ನಮಗೂ ಚಹಾ ತರಿಸಿದ. "ಜನ ಆರೋಗ್ಯವಾಗಿದ್ದಾರೆ ಅಂತ ಬಂದಿದೆ. ಸಂತೋಷದ ಸುದ್ದಿ ಅಲ್ವಾ ಡಾಕ್ಟ್ರೇ? ಇದಕ್ಕೆ ಮತ್ತೆ ಹಣ ಕೊಡಿ ಅಂತ ಮೇಲಿನವರಿಗೆ ನಾನು ಹೇಗೆ ಹೇಳಲಿ?" ಎಂದ. ನನಗೆ ಸಿಟ್ಟು ಬಂದಿತ್ತು, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ.

"ನಿನ್ನೆ ಸಂಜೆ ನೀವು ನೋಡಿದವನೊಬ್ಬನನ್ನಾದರೂ ಕರೆದುಕೊಂಡು ಬನ್ನಿ, ನಾನೇ ನೋಡ್ತೀನಿ" ಎಂದರು ಡಾಕ್ಟರು. ಓಡಿಹೋಗಿ ಕರೆದೆ. ಅವನು ಬರಲೊಲ್ಲ. "ಭೇಷ್ ಅಂದವ್ರ ಮುಂದ... ಹೋಗಿ... ಸುಳ್ಳ ಊದೀನಿ ಅನ್ಲೇನ್ರಿ?" ಎಂದ. ಅಂಗಲಾಚಿದೆ, ಬೈದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡ. ಮುಂದಿನ ವರ್ಷ ಕಾರ್ಖಾನೆಯ ಹಣ ಶಾಲೆಯ ಕಂಪೌಂಡಿಗೆ ಹೋಯಿತು, ನಮ್ಮ ತಂಡ ಚದುರಿತು.

ಅವನು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಹೋದಾಗ ಅವಳು ಬಾಗಿಲಲ್ಲೇ ಕುಳಿತಿದ್ದಳು.

"ಬರ್ರಿ ಅಕ್ಕೋರೆ, ಕುಂದ್ರಿ" ಎಂದಳು. ಚಹಾಕ್ಕಿಡಲು ಒಳಗೆ ಹೋದವಳು ಹಾಗೇ ತಿರುಗಿ ಬಂದಳು.

"ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಸೂಜಿ ಮಾಡ್ಸಲಾರ್ದೇ ಊದಿದ್ರ ಗುಲ್ಬರ್ಗಾಕ್ಕ ಕಳಸ್ತಿದ್ರೇನ್ರಿ? ಉಳೀತಿದ್ರೇನ್ರಿ?"

ಕಳಿಸುತ್ತಿದ್ದರು. ಉಳಿಯುತ್ತಿದ್ದನೋ ಇಲ್ಲವೋ, ಇನ್ನಷ್ಟು ದಿನ ಸುಖವಾಗಿ ಉಸಿರಾಡುತ್ತಿದ್ದ. ಅದು ಅವಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

"ಇಲ್ಲವ್ವ. ಹೋದ್ರೂ ಇಷ್ಟೇ ಆಗ್ತಿತ್ತು" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಛಲೋನೇ ಆಯ್ತು ಬಿಡ್ರಿ. ನಾಲ್ಕ ಮಂದಿ ಮುಂದ ಭೇಷ್ ಅನಿಸ್ಕೊಂಡ್ರು" ಎಂದು ಒಲೆ ಹಚ್ಚಲು ಒಳಗೆ ಹೋದಳು.