ಲೇತ್ ಬೆಡ್ಡಿನ ನೀಲಿ ಚುಕ್ಕೆ

ಸ್ನೇಹಿತರೇ, ಇವತ್ತು ದೇವರಾಜ ಮೊಹಲ್ಲಾದ ನಮ್ಮ ವರ್ಕ್‌ಶಾಪಿಗೆ ಗುಜರಿಯವನ ಎತ್ತಿನ ಗಾಡಿ ಬಂದು ನಿಂತಿತ್ತು. ಲೋಹ ಕಡೆಯುವ ಹಳೆಯ ಲೇತ್ ಯಂತ್ರದ ಸವೆದ ಬೆಡ್ಡನ್ನು, ಅಂದರೆ ಅದರ ಉದ್ದನೆಯ ಕಬ್ಬಿಣದ ಹಾಸನ್ನು, ಹನ್ನೊಂದು ದಿನ ಕೈಯಲ್ಲೇ ಕೆರೆದು ಮಟ್ಟ ಮಾಡಿದ್ದೆ. ಧಣಿ ಶಿವಣ್ಣನವರು ಅದರ ತುದಿಯ ಮೇಲೆ ಕೂತು, "ಮಟ್ಟ ಐತೆ ಅಂತ ತೋರ್ಸಿ ಮೇಸ್ತ್ರಿ, ಇಲ್ದಿದ್ರೆ ಗಾಡಿಗೆ ಹಾಕ್ಬುಡ್ತೀನಿ" ಎಂದರು.

ಮಟ್ಟ ನೋಡುವ ನೇರ ಪಟ್ಟಿಗೆ ನೀಲಿ ಬಣ್ಣ ಬಳಿದು ಬೆಡ್ಡಿನ ಮೇಲೆ ಉಜ್ಜಿದೆ. ಪಟ್ಟಿ ತಾಗಿದ ಕಡೆಯಷ್ಟೇ ಬಣ್ಣ ಹತ್ತುತ್ತದೆ, ಮಟ್ಟವಿದ್ದರೆ ಉದ್ದಕ್ಕೂ ಚುಕ್ಕೆ ಮೂಡಬೇಕು. ಒಂದು ತುದಿಯಲ್ಲಿ ಮೂಡಲೇ ಇಲ್ಲ. ನಿನ್ನೆ ಮೂಡಿತ್ತು! ಬಗ್ಗಿ ನೋಡಿದೆ. ಆಮೇಲೆ ಧಣಿ ಇನ್ನೂ ಅದೇ ತುದಿಯ ಮೇಲೆ ಕೂತಿದ್ದು ಕಣ್ಣಿಗೆ ಬಿತ್ತು.

"ಏಳ್ರೀ ಮೇಲೆ! ನಿಮ್ಮ ಭಾರಕ್ಕೆ ಬೆಡ್ಡು ಬಗ್ಗೈತೆ."

"ಕಬ್ಬಿಣ ಬಗ್ಗುತ್ತೇನ್ರೀ?"

"ಕೂದಲೆಳೆಗಿಂತ ಕಮ್ಮಿ ಬಗ್ಗಿದ್ರೂ ಸಾಕು, ಏಳಿ!"

ಎದ್ದರು. ಮತ್ತೆ ಉಜ್ಜಿದೆ. ತುದಿಯವರೆಗೂ ಚುಕ್ಕೆ. ಗುಜರಿ ಗಾಡಿ ಬರಿದಾಗಿಯೇ ವಾಪಸ್ ಹೋಯಿತು.

ಯಾರ ಮನೆಯಲ್ಲಾದರೂ ಹಳೆಯ ಸ್ಟೂಲಿದ್ದರೆ ಕಳಿಸಿ, ಧಣಿಗೆ ಬೇಕಾಗಿದೆ.