ಗೇರ್‌ಬಾಕ್ಸ್ ಸುಟ್ಟದ್ದು ಯಾರು

ಗೆಳೆಯ ತೀರಿಕೊಂಡು ಎರಡು ತಿಂಗಳಾಯಿತು. ಊರೆಲ್ಲ ಅವನನ್ನು ಗೇರಣ್ಣ ಎಂದೇ ಕರೆಯುತ್ತಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಮತ್ತೆ ಕೂಡಿಸಬಲ್ಲವರು ನಮ್ಮ ಕಡೆ ಇಬ್ಬರೋ ಮೂವರೋ. ಅವರಲ್ಲಿ ಇವನೇ ಹಿರಿಯ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅವನ ಶೆಡ್ಡಿನಲ್ಲಿ ಯಾವುದೋ ಹಳೇ ಗಾಡಿಯಿಂದ ಕಿತ್ತಿಟ್ಟ ಸೀಟಿನ ಮೇಲೆ ಕೂತು ಮೂವತ್ತು ವರ್ಷ ಚಹಾ ಕುಡಿದಿದ್ದೇನೆಯೇ ಹೊರತು, ಒಂದು ಸಲ ಬಿಟ್ಟರೆ, ಒಂದು ನಟ್ಟನ್ನೂ ತಿರುಗಿಸಿದವನಲ್ಲ. ತನ್ನ ಕೈ ಸೋತದ್ದನ್ನು ಅವನು ಒಪ್ಪಿಕೊಂಡದ್ದು ಒಂದು ಪಿಕಪ್ ಗಾಡಿಯಿಂದ. ಅದನ್ನಷ್ಟೇ ಬರೆಯುತ್ತೇನೆ.

ಅದು ಗಿಡದಮ್ಮನದು. ಸಸಿ ಬೆಳೆಸಿ ಮನೆಮನೆಗೆ ತಲುಪಿಸುವ ಹೆಂಗಸು. ಗಾಡಿಗೆ ಅವಳ ದೊಡ್ಡ ಮಗಳಿಗಿಂತ ಹೆಚ್ಚು ವಯಸ್ಸು. ಒಂದು ಬೆಳಿಗ್ಗೆ ಅದನ್ನು ಹೇಗೋ ತೆವಳಿಸಿಕೊಂಡು ಬಂದಳು.

"ಅಣ್ಣಾ, ದಿಬ್ಬ ಬಂದ್ರೆ ಇಂಜಿನ್ ಅರಚಿಕೊಳ್ಳುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಥೇಟ್ ನಮ್ಮನೆಯವರೇ. ಗುಜರಿಗೆ ಹಾಕು ಅಂತಾರೆ ಎಲ್ರೂ. ಇದಿಲ್ಲದಿದ್ರೆ ನಾನು ಕುಂಡಗಳನ್ನ ತಲೆ ಮೇಲೆ ಹೊತ್ಕೊಂಡು ತಿರುಗಬೇಕು."

ಅವನು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಅವಳ ಕೈಯಲ್ಲೇ ಓಡಿಸಿ, ತಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜಾರುತ್ತಿತ್ತು. ವಾಪಸ್ಸು ಬಂದು, ಸಮನೆಲದಲ್ಲಿ ನಿಲ್ಲಿಸಿ, ಬಿಸಿ ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದ. ಮಟ್ಟ ಸರಿಯಿತ್ತು. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು, ಸೀದ ವಾಸನೆ.

"ಕ್ಲಚ್ ಪ್ಲೇಟುಗಳು ಸುಟ್ಟಿವೆ."

"ವಯಸ್ಸಾಯ್ತು ಅಂತೀರಾ?"

"ವಯಸ್ಸಾದ್ರೆ ಸವೀತವೆ ಕಣಮ್ಮ. ಹೀಗೆ ಒಮ್ಮೆಲೇ ಸುಟ್ಟಿದಾವೆ ಅಂದ್ರೆ ಯಾರೋ ಸುಟ್ಟಿದಾರೆ. ಅದ್ಯಾರು ಅಂತ ತಿಳಿಯೋ ತನಕ ಬಿಚ್ಚಲ್ಲ. ಹೊಸದು ಹಾಕಿದ್ರೆ ಅದನ್ನೂ ಸುಡ್ತಾರೆ."

ಬಾನೆಟ್ ಎತ್ತಿ ಬಗ್ಗಿದವನು ಬಹಳ ಹೊತ್ತು ಹಾಗೇ ನಿಂತ. ಬೆನ್ನು ಹಿಡಿದಿರಬೇಕು ಅಂದುಕೊಂಡೆ. ಹತ್ತಿರ ಹೋದಾಗ ಒಂದು ತೆಳು ಕೇಬಲ್ ತೋರಿಸಿದ. ಆಕ್ಸಲರೇಟರ್ ಎಷ್ಟು ಒತ್ತಿದೆ ಎಂಬುದನ್ನು ಗೇರ್‌ಬಾಕ್ಸಿಗೆ ತಿಳಿಸುವುದೇ ಅದು. ಅದು ಸಡಿಲವಾದರೆ ಒಳಗೆ ಎಣ್ಣೆಯ ಒತ್ತಡ ಸಾಲದೆ ಪ್ಲೇಟುಗಳು ಜಾರುತ್ತವೆ, ಜಾರಿ ಜಾರಿ ಸುಡುತ್ತವೆ. ಅದನ್ನು ಬಿಗಿಯಾಗಿ ಹಿಡಿದಿಡುವ ಪುಟ್ಟ ಬೀಗ ಸರಿಯಾಗಿ ಕೂತಿರಲಿಲ್ಲ. ಹೋದ ತಿಂಗಳು ಕಾರ್ಬ್ಯುರೇಟರ್ ತೊಳೆದು, ಅದಕ್ಕಾಗಿ ಬಿಚ್ಚಿದ್ದ ಆ ಕೇಬಲ್ ಮತ್ತೆ ಹಾಕಿದವನು ಅವನೇ.

"ಸುಮ್ನಿರೋ," ನಾನು ಪಿಸುಗುಟ್ಟಿದೆ. "ಹಳೇ ಗಾಡಿ. ಯಾರಿಗೆ ಗೊತ್ತಾಗುತ್ತೆ?"

ಅವನು ನನ್ನನ್ನು ನೋಡಿದ ನೋಟಕ್ಕೆ ಈಗಲೂ ನಾಚಿಕೆಯಾಗುತ್ತದೆ. ನೆಟ್ಟಗೆ ಅವಳ ಹತ್ತಿರ ಹೋದ.

"ಸುಟ್ಟಿದ್ದು ನಾನೇ ಕಣಮ್ಮ."

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ಒಂದು ತಿಂಗಳು ಈ ಗಾಡೀನ ಬೈಕೊಂಡು ಓಡಾಡಿದೀನಿ. ನಿಮ್ಮನ್ನ ಬೈಬೇಕಿತ್ತು!"

"ಈಗ ಬೈಯಮ್ಮ."

"ಬೈತೀನಿ. ಮೊದ್ಲು ಸರಿ ಮಾಡಿ."

ಅವಳು ಹೋದ ಮೇಲೆ ಬಲಗೈ ಮುಂದೆ ಚಾಚಿದ. "ಆ ಬೀಗ ಒತ್ತಿದಾಗ ಟಕ್ ಅಂತ ಕೂರುತ್ತೆ. ಕಣ್ಣಿಗೆ ಕಾಣೋ ಜಾಗ ಅಲ್ಲ, ಬೆರಳಿಗೇ ತಿಳೀಬೇಕು. ನಂಗೆ ತಿಳೀಲೇ ಇಲ್ಲ ಕಣೋ. ತಿಳೀತು ಅಂದ್ಕೊಂಡೆ."

"ಯಾವಾಗಿಂದ ಹೀಗೆ?"

"ಅಂಗಿ ಗುಂಡೀನ ನಿನ್ನ ಅತ್ತಿಗೆ ಹಾಕೋಕೆ ಶುರು ಮಾಡಿ ಆರು ತಿಂಗಳಾಯ್ತು. ಚಳಿಗೆ ಬೆರಳು ಮರಗಟ್ಟುತ್ತೆ ಅಂತ ಹೇಳಿದೀನಿ."

ಬೇಸಿಗೆಯಲ್ಲೂ ಅದನ್ನೇ ಹೇಳಿದ್ದನಂತೆ. ಅತ್ತಿಗೆ ನಂಬಿರಲಿಲ್ಲ, ಕೇಳಿರಲೂ ಇಲ್ಲ. ಮರುದಿನವೇ ಅವರು ಅವನನ್ನು ಡಾಕ್ಟರ ಬಳಿ ಕರೆದೊಯ್ದರು. ನರಗಳ ಕಾಯಿಲೆ. ಬೆರಳಿನಿಂದ ಮೇಲಕ್ಕೆ ಹತ್ತುವಂಥದು.

ಗೇರ್‌ಬಾಕ್ಸ್ ಕೆಲಸ ಹನ್ನೊಂದು ದಿನ ಹಿಡಿಯಿತು. ಭಾರ ಎತ್ತುವುದು, ಬಿಚ್ಚುವುದು ಅವನದು. ಬೆರಳಿಗೆ ತಿಳಿಯಬೇಕಾದದ್ದೆಲ್ಲ ನನ್ನದು. ನನ್ನ ಕೈಗೆ ಪುಟ ತಿರುವುವ ಅಭ್ಯಾಸವೇ ಹೊರತು ಬೇರೇನೂ ಇರಲಿಲ್ಲ. ಕೊನೆಗೆ ಕೇಬಲ್ಲಿನ ಬೀಗ ಒತ್ತಿದೆ.

"ಬಂತಾ?"

"ಬಂತು."

"ನಿನ್ನ ಕರಡಲ್ಲ ಇದು, ಆಮೇಲೆ ತಿದ್ದೋಕೆ. ಎಳೆದು ನೋಡು."

ಎಳೆದೆ. ಅಲುಗಲಿಲ್ಲ.

ಗಿಡದಮ್ಮ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೂವತ್ತು ಕುಂಡ ಹೇರಿಕೊಂಡೇ ದಿಬ್ಬ ಹತ್ತಿಸಿದಳು. ಮೂರನೇ ಗೇರು ಬಿದ್ದದ್ದು ಗೊತ್ತೇ ಆಗಲಿಲ್ಲ. ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಬೈಯಬೇಕೆಂದು ಕೂಡಿಟ್ಟುಕೊಂಡದ್ದನ್ನೆಲ್ಲ ಮರೆತವಳಂತೆ ನಕ್ಕಳು.

"ಮುಂದಿನ ಸರ್ವಿಸ್ ಯಾವಾಗಣ್ಣ?"

"ಆರು ತಿಂಗಳಿಗೆ. ನನ್ನ ಹತ್ರ ಬರಬೇಡ. ಮಾರ್ಕೆಟ್ ಹಿಂದೆ ಇದಾನಲ್ಲ ಇನ್ನೊಬ್ಬ ಗೇರ್‌ಬಾಕ್ಸಿನವನು, ಅವನ ಹತ್ರ ಹೋಗು."

"ಅವನಾ? ಇಷ್ಟು ವರ್ಷ ಅವನನ್ನ ಕತ್ತೆ ಅಂತಿದ್ರಲ್ಲ!"

"ಕತ್ತೇನೇ," ಅಂದ ಗೆಳೆಯ, ಮುಂದಿನ ಗಾಜಿನಾಚೆ ನೋಡುತ್ತ. "ಬೆರಳು ಸರಿಯಾಗಿದಾವೆ ಅವನಿಗೆ."