ಕೇಳದೆ ಅಚ್ಚು ಹಾಕಿದ ಗಾಳಿಪೆಟ್ಟಿಗೆ

"ನಿಮ್ಮ ಅಣ್ಣ ಇದನ್ನು ನಿಮ್ಮನ್ನು ಕೇಳಿ ಅಚ್ಚು ಹಾಕಿದರೋ, ಕೇಳದೆ ಹಾಕಿದರೋ?"

ಕಳೆದ ವಾರ ಮದ್ರಾಸಿನ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರು ನನ್ನ ತಂಗಿ ಪಾರ್ವತಿಯನ್ನು ಕೇಳಿದ ಪ್ರಶ್ನೆ ಇದು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಆ ಅಣ್ಣ ನಾನೇ.

ನಿಮ್ಮ ಕೈಲಿರುವ ಈ ಪತ್ರಿಕೆ ತಿಪಟೂರಿನ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುವುದು. ಬರೆಯುವವನು ನಾನು (ಓದಿದ್ದು ಏಳನೇ ಕ್ಲಾಸು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ). ಮೆಷಿನ್ ನಡೆಸುವವಳು ಪಾರ್ವತಿ.

ಮೆಷಿನ್ನಿನಲ್ಲಿ ಅಕ್ಷರಗಳಿಗೆ ಮಸಿ ಸವರುವ ರೋಲರ್ ಇದೆಯಲ್ಲ, ಅದನ್ನು ನಾವು ಸರೇಸಿನ ಅಂಟು, ಬೆಲ್ಲ ಕುದಿಸಿ ಎರಕ ಹೊಯ್ದು ಮಾಡಿಕೊಳ್ಳುತ್ತೇವೆ. ಬೇಸಿಗೆಯ ಮಧ್ಯಾಹ್ನ ಅದು ಏನಾಗುತ್ತದೆ? ಹಲ್ವ! ಶಿವರಾತ್ರಿ ಕಳೆದರೆ ಮದುವೆ ಕಾಗದಗಳ ಸುಗ್ಗಿ. ಅದೇ ಹೊತ್ತಿಗೆ ರೋಲರ್ ಕರಗಿ ವರನ ಹೆಸರಿನ ಮೇಲೆ ಕೂರುತ್ತಿತ್ತು. ಫ್ಯಾನ್ ಹಾಕಿದರೆ ಕಾಗದ ಹಾರುತ್ತಿತ್ತು. ಒದ್ದೆ ಗೋಣಿ ಕಟ್ಟಿದರೆ ತೇವಕ್ಕೆ ರೋಲರ್ ಅಂಟುತ್ತಿತ್ತು.

ನಾನು ಬಿಸಿಲನ್ನು ಬೈಯುತ್ತಾ ಕೂತೆ. ಪಾರ್ವತಿ ಅಟ್ಟ ಹತ್ತಿದಳು.

ನಮ್ಮ ಕಡೆಯ ಅಟ್ಟ ನಿಮಗೆ ಗೊತ್ತಲ್ಲ? ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲಿ ಅಂತ ಗುಡ್ಡೆ ಹಾಕಿಡುವ ಜಾಗ. ಸಂದು ಬಿಟ್ಟು ಅಡಿಕೆ ಮರದ ದಬ್ಬೆ ಹಾಸಿರುತ್ತಾರೆ. ಕೆಳಗಿನ ಗಾಳಿ ಸಂದಿನಲ್ಲಿ ನುಸುಳಿ, ಕಾಯಿಗಳನ್ನು ಸವರಿ, ಹೆಂಚಿನ ಕಡೆಗೆ ಹೋಗುತ್ತದೆ. ಯಾರೂ ಬೀಸಬೇಕಿಲ್ಲ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಅದೇ ಅಟ್ಟದ ಕೆಳಗೆ. ಹೊಳೆದದ್ದು ಮಾತ್ರ ಅವಳಿಗೆ!

ಅವಳು ರೋಲರಿನ ಅಡಿಗೆ ಒಂದು ತಗಡಿನ ಪೆಟ್ಟಿಗೆ ಕೂರಿಸಿದಳು. ಅದರ ಮೇಲ್ಗಡೆ ಓರೆಯಾಗಿ, ಸಂದು ಬಿಟ್ಟು ಜೋಡಿಸಿದ ತಗಡಿನ ಪಟ್ಟಿಗಳು. ಉತ್ತರದ ಗೋಡೆಯ ನೆರಳಿನಿಂದ ತಣ್ಣನೆ ಗಾಳಿ ತರಲು ಒಂದು ಕೊಳವೆ. ಮೇಲೆ, ಬಿಸಿ ಗಾಳಿ ಎಳೆಯುವ ಒಂದು ಸಣ್ಣ ಫ್ಯಾನ್. ಗಾಳಿ ರೋಲರನ್ನು ಸವರಿ ಹೋಗುತ್ತದೆ, ಕಾಗದದ ಅಂಚೂ ಅಲುಗುವುದಿಲ್ಲ. ಆ ಬೇಸಿಗೆ ಎಲ್ಲ ವರರ ಹೆಸರೂ ಉಳಿಯಿತು.

ತುಮಕೂರಿನ ವಕೀಲರೊಬ್ಬರು ಬಂದು ನೋಡಿ, ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ ಎಂದರು.

"ಅರ್ಜಿ ಸೇರೋವರ್ಗೂ ಇದನ್ನ ಪೇಪರ್ನಾಗೆ ಬರೀಬ್ಯಾಡ ಕಣಣ್ಣಯ್ಯ," ಅಂದಿದ್ದಳು ಪಾರ್ವತಿ.

ಅವಳು ಕಂದಿಕೆರೆಗೆ ಚಿಕ್ಕಮ್ಮನನ್ನು ನೋಡಲು ಹೋದ ವಾರ ನನಗೆ ಅಂಕಣಕ್ಕೆ ವಿಷಯ ಸಿಗಲಿಲ್ಲ. ಅವಳ ಪೆಟ್ಟಿಗೆಯ ಕತೆಯನ್ನೇ ಚಿತ್ರದ ಸಮೇತ ಹಾಕಿಯೇಬಿಟ್ಟೆ. ಊರೆಲ್ಲ ಮೆಚ್ಚಿತು. ವಾಪಸು ಬಂದವಳು ಪತ್ರಿಕೆ ನೋಡಿ, "ಹಾಕ್ಬುಟ್ಯಾ?" ಅಂದಳು. ಅಷ್ಟೇ. ಮರುದಿನವೇ ಅರ್ಜಿ ಸಿದ್ಧ ಮಾಡಲು ಕೂತಳು.

ನಾನು ಅಲ್ಲಿಗಾದರೂ ನಿಂತೆನೇ? ನಮ್ಮ ಕಡೆ ಯಾವ ಅರ್ಜಿಯಾದರೂ ಜೊತೆಗೆ ದೊಡ್ಡವರದೊಂದು ಒಳ್ಳೆ ಮಾತಿನ ಕಾಗದ ಇಡುವುದು ರೂಢಿ. ಪತ್ರಿಕೆಗಿಂತ ದೊಡ್ಡವರು ಯಾರು? ಲಕೋಟೆ ಅಂಟಿಸುವಾಗ ಆ ಅಂಕಣವನ್ನು ಕತ್ತರಿಸಿ ಒಳಗಿಟ್ಟೆ. ತಾರೀಖಿನ ಸಮೇತ!

ಕಾನೂನು ಹೇಳುವುದು ಇಷ್ಟೇ: ಅರ್ಜಿಗೆ ಮೊದಲೇ ಅಚ್ಚಾಗಿ ಜನರ ಕೈ ಸೇರಿದ್ದು ಹೊಸದಲ್ಲ. ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಅದಕ್ಕೇ ಮದ್ರಾಸಿಗೆ ಕರೆ ಬಂದದ್ದು.

ಆ ಪರೀಕ್ಷಕರು ಕೋಲಾರದ ಕಡೆಯವರು, ಕನ್ನಡ ಚೆನ್ನಾಗಿತ್ತು. ನಮ್ಮ ಮೆಷಿನ್ನನ್ನು ಕಣ್ಣಲ್ಲಿ ನೋಡಿದವರಲ್ಲ. ಆದರೂ ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಗಾಳಿಯ ಹಿಂದೆಯೇ ನಡೆದರು.

"ಒದ್ದೆ ಚಾಪೆ ಯಾಕೆ ಇಡಲಿಲ್ಲ?"

"ತ್ಯಾವಕ್ಕೆ ರೋಲರ್ ಅಂಟ್ಕತದೆ ಸಾರ್."

"ಪಟ್ಟಿ ಓರೆ ಯಾಕೆ?"

"ನೆಟ್ಟಗಿದ್ರೆ ಗಾಳಿ ಕಾಗದದ ಮ್ಯಾಲೆ ಹೋಯ್ತದೆ."

ಅವರು ಕನ್ನಡಕ ತೆಗೆದರು. "ದೊಡ್ಡ ದೊಡ್ಡ ಕಂಪನಿಗಳ ನಕ್ಷೆ ನೋಡಿದ್ದೇನಮ್ಮ. ಎಲ್ಲರೂ ಗಾಳಿಯನ್ನು ನೂಕುತ್ತಾರೆ. ನೀವು ಎಳೆದಿದ್ದೀರಿ."

ನನ್ನ ಎದೆ ಉಬ್ಬಿತು. ಆಗ ಅವರು ನನ್ನ ಅಂಕಣದ ತುಂಡನ್ನು ಮೇಜಿನ ಮೇಲಿಟ್ಟರು. ಇದೊಂದು ಅಡ್ಡಿ ಎಂದರು. ಆದರೆ ಕಂಡುಹಿಡಿದವರ ಒಪ್ಪಿಗೆ ಇಲ್ಲದೆ ಬೇರೆಯವರು ಅಚ್ಚು ಹಾಕಿದ್ದರೆ ಕಾನೂನಿನಲ್ಲಿ ದಾರಿ ಇದೆ ಎಂದರು. ಆಮೇಲೆ ಬಂತು ಆ ಪ್ರಶ್ನೆ.

ಪಾರ್ವತಿ ಒಂದು ಸಲ ನನ್ನ ಮುಖ ನೋಡಿದಳು.

"ನಾನೇ ಹಾಕು ಅಂದಿದ್ದೆ ಸಾರ್. ಕೇಳ್ದೆ ಹಾಕಲ್ಲ ನಮ್ಮಣ್ಣಯ್ಯ."

ಪರೀಕ್ಷಕರು ನನ್ನನ್ನು ನೋಡಿದರು. ನಾನು? ಅವರ ತಲೆಯ ಮೇಲಿನ ಫ್ಯಾನ್ ನೋಡಿದೆ.

ಅವರು ಫೈಲ್ ಮುಚ್ಚಲಿಲ್ಲ. "ಒಂದು ತಿಂಗಳು ಟೈಮ್ ಕೊಡುತ್ತೇನೆ. ಇಬ್ಬರೂ ಚೆನ್ನಾಗಿ ನೆನಪು ಮಾಡಿಕೊಂಡು ಬರೆದು ಕಳಿಸಿ," ಎಂದರು. (ಎಂಥ ಮನುಷ್ಯ ನೋಡಿ! ಗಾಳಿಯ ದಾರಿ ಹಿಡಿದವರಿಗೆ ನನ್ನ ಮುಖ ಓದುವುದು ಕಷ್ಟವೇ?)

ರೈಲಿನಲ್ಲಿ ಕೇಳಿದೆ, "ಯಾಕಂಗಂದೆ ಪಾರ್ವತಿ?"

"ಇನ್ನೇನನ್ಲಿ? ಹೊರಗಿನೋರ ಮುಂದೆ ನಮ್ಮಣ್ಣ ಕಳ್ಳ ಅನ್ಲಾ? ಬುಡು ಅಣ್ಣಯ್ಯ. ರೋಲರ್ ಅಂತೂ ಕರಗ್ತಿಲ್ವಲ್ಲ," ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ಇಲ್ಲ ಸಾರ್, ನಾನೇ ಕೇಳದೆ ಹಾಕಿದೆ." ನಾನು ಅಲ್ಲಿ ಹೇಳಬೇಕಿದ್ದದ್ದು ಇಷ್ಟೇ ಮಾತು. ವಾರ ವಾರ ನಿಮ್ಮೆದುರು ಪುಟಗಟ್ಟಲೆ ಮಾತಾಡುವವನಿಗೆ ಅಷ್ಟು ಬಾಯಿಗೆ ಬರಲಿಲ್ಲವೇ? ಬರಲಿಲ್ಲ. ಪತ್ರಿಕೆಯವನು ಎಂಬ ಮರ್ಯಾದೆ ಅಡ್ಡ ಬಂತು. ಆ ಮರ್ಯಾದೆ ಉಳಿಸಲು ಅವಳು ಒಂದು ಮಾತಿನಲ್ಲಿ ತನ್ನದನ್ನೆಲ್ಲ ಬಿಟ್ಟುಕೊಟ್ಟಳು.

ಆದ್ದರಿಂದ ಅದನ್ನು ಇಲ್ಲೇ ಬರೆದಿದ್ದೇನೆ. ಇದನ್ನೂ ಕತ್ತರಿಸಿ ಮದ್ರಾಸಿಗೆ ಕಳಿಸುತ್ತೇನೆ, ತಾರೀಖಿನ ಸಮೇತ. ಅಕ್ಷರದ ಮೊಳೆಗಳನ್ನು ಜೋಡಿಸಿ ದಾರ ಸುತ್ತಿ ಕಟ್ಟಿದವನು ನಾನೇ. ಮೆಷಿನ್ನಿಗೆ ಏರಿಸುವವಳು ಮಾತ್ರ ಪಾರ್ವತಿ. ಅವಳು ತಲೆಕೆಳಗಾದ ಅಕ್ಷರವನ್ನೂ ಸರಾಗವಾಗಿ ಓದುತ್ತಾಳೆ. ಬೇಡವೆನಿಸಿದರೆ ದಾರ ಬಿಚ್ಚಿ ಮೊಳೆಗಳನ್ನೆಲ್ಲ ಖಾನೆಗೆ ಸುರಿಯಬಹುದು.

ಈ ಪುಟ ನಿಮ್ಮ ಕೈ ಸೇರಿದ್ದರೆ, ಈ ಸಲ ಅವಳ ಒಪ್ಪಿಗೆ ಇದೆ.